ಕೊದಾಯ್ ಹುಟ್ಟಿದ ಊರಿನಿಂದ ಅಕ್ಕನಿಗೆ

ಕೆಚ್ಕೆಮೇತ್, ಹಂಗೇರಿ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ಭಾವ, ಮಕ್ಕಳು ಹೇಗಿದ್ದಾರೆಂದು ಬರೆ. ಪಾಠಕ್ಕೆ ಬರುವ ಐದಾರು ವರ್ಷದ ಮಕ್ಕಳು ಮೊದಲ ಸ್ವರಪಾಠವಾದ ಸರಳೆ ವರಸೆಯಲ್ಲೇ ಶ್ರುತಿ ಬಿಡುತ್ತಾರೆ, ಅಲ್ಲಿನ ಶಾಲೆಗಳಲ್ಲಿ ವಾದ್ಯವನ್ನೇ ಮುಟ್ಟದೆ ಹೇಗೆ ಹಾಡಿಸುತ್ತಾರೆ ಅಂತ ಕೇಳಿದ್ದೆಯಲ್ಲ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದರ ಹಿಂದಿರುವವರು ಹಂಗೇರಿಯ ಸಂಯೋಜಕ ಜೊಲ್ತಾನ್ ಕೊದಾಯ್. 1882ರ ಡಿಸೆಂಬರ್ 16ರಂದು ಇದೇ ಊರಲ್ಲಿ ಹುಟ್ಟಿದರು. ತಂದೆ ರೈಲ್ವೆ ನೌಕರ. ವರ್ಗವಾದ ಕಡೆಗೆಲ್ಲ ಸಂಸಾರವೂ ಹೊರಡಬೇಕಾಗುತ್ತಿತ್ತು. ಹಾಗಾಗಿ ಅವರ ಬಾಲ್ಯ ಕಳೆದದ್ದು ಈಗ ಸ್ಲೊವಾಕಿಯಾಕ್ಕೆ ಸೇರಿರುವ ಗಲಾಂತ ಮತ್ತು ತ್ರ್ನಾವಾದಲ್ಲಿ. 1900ರಲ್ಲಿ ಬುಡಾಪೆಸ್ಟಿಗೆ ಬಂದು ವಿಶ್ವವಿದ್ಯಾಲಯದಲ್ಲಿ ಭಾಷೆ, ಸಂಗೀತ ಅಕಾಡೆಮಿಯಲ್ಲಿ ಸಂಯೋಜನೆ, ಎರಡನ್ನೂ ಒಟ್ಟಿಗೆ ಓದಿದರು. ಈ ಜೋಡಿ ಓದನ್ನು ನೆನಪಿಟ್ಟುಕೋ. ಅವರು ಹಾಡನ್ನು ಕೇಳುವಾಗ ಒಂದು ಕಿವಿ ಸ್ವರದ ಕಡೆಗಿದ್ದರೆ ಇನ್ನೊಂದು ಮಾತಿನ ಕಡೆಗೆ ಇರುತ್ತಿತ್ತು. 1906ರಲ್ಲಿ ಡಾಕ್ಟರೇಟಿಗೆ ಬರೆದ ಪ್ರಬಂಧವೂ ಹಂಗೇರಿಯ ಜಾನಪದ ಹಾಡುಗಳ ಪದ್ಯರಚನೆಯ ಮೇಲೆಯೇ.

ಹಳ್ಳಿ ಸುತ್ತಿ ಹಾಡು ಸಂಗ್ರಹಿಸಲು ಶುರುಮಾಡಿದ್ದು 1905ರಲ್ಲಿ. ಆಮೇಲೆ ಇನ್ನೊಬ್ಬ ಸಂಯೋಜಕ ಬೇಲಾ ಬಾರ್ತೋಕ್ ಜೊತೆಯಾದರು. 1906ರ ಕೊನೆಗೆ ಇಬ್ಬರೂ ಸೇರಿ 20 ಹಾಡುಗಳ ಒಂದು ಪುಸ್ತಕ ತಂದರು. ಹತ್ತಕ್ಕೆ ಬಾರ್ತೋಕ್, ಹತ್ತಕ್ಕೆ ಕೊದಾಯ್ ಪಿಯಾನೊ ಪಕ್ಕವಾದ್ಯ ಬರೆದಿದ್ದರು. ಅಲ್ಲಿಯವರೆಗೆ ಪಟ್ಟಣದ ಜನ, ದೊಡ್ಡ ಸಂಗೀತಗಾರರೂ ಸೇರಿ, ಹೋಟೆಲುಗಳಲ್ಲಿ ಜಿಪ್ಸಿ ವಾದ್ಯಮೇಳದವರು ನುಡಿಸುತ್ತಿದ್ದ ಪೇಟೆ ಹಾಡುಗಳನ್ನೇ ಹಂಗೇರಿಯ ಜಾನಪದ ಎಂದುಕೊಂಡಿದ್ದರು. ಹಳ್ಳಿಗೆ ಹೋಗಿ ಹಾಡು ಕೇಳಿದರೂ ಮೊದಲು ಬರುತ್ತಿದ್ದದ್ದು ಆ ಹಾಡುಗಳೇ. ಬಂದವರು ಪಟ್ಟಣದವರಲ್ಲವೇ, ಅವರಿಗೆ ಅದೇ ಇಷ್ಟವೆಂದು ಹಾಡುವವರ ಎಣಿಕೆ. ಹಳೆಯದು ಬೇಕಾದರೆ ತಾಳ್ಮೆಯಿಂದ ಕೂತು ವಯಸ್ಸಾದ ಹೆಂಗಸರನ್ನು ಕೇಳಬೇಕಿತ್ತು. ದನಿ ಮುದ್ರಿಸಲು ಇದ್ದದ್ದು ಮೇಣದ ಉರುಳೆಯ ಫೋನೋಗ್ರಾಫ್. ಒಂದು ಉರುಳೆಗೆ ಎರಡು ಮೂರು ನಿಮಿಷ ಅಷ್ಟೇ. ಬಾಯಿ ಕಹಳೆಗೆ ಹತ್ತಿರ ಇರಬೇಕು, ಸ್ವಲ್ಪ ಹಿಂದೆ ಸರಿದರೂ ಅಕ್ಷರ ಮಸುಕಾಗುತ್ತದೆ. ಮತ್ತೆ ಮತ್ತೆ ಕೇಳಿದರೆ ಮುಳ್ಳು ಮೇಣವನ್ನು ತಿಂದು ಗೆರೆ ಸವೆದುಹೋಗುತ್ತದೆ. ಆದ್ದರಿಂದ ಸ್ಥಳದಲ್ಲೇ ಕಿವಿಯಿಂದ ಕೇಳಿ ಬರೆದುಕೊಳ್ಳುವ ಅಭ್ಯಾಸ ಇಲ್ಲದವರಿಗೆ ಈ ಕೆಲಸ ಸಾಗುತ್ತಿರಲಿಲ್ಲ.

ಹಳೆಯ ಹಾಡುಗಳಲ್ಲಿ ಅವರಿಗೆ ಕಂಡದ್ದನ್ನು ನಮ್ಮ ಸ್ವರದಲ್ಲೇ ಹೇಳುತ್ತೇನೆ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ನೀನು ತಕ್ಷಣ ಶುದ್ಧ ಧನ್ಯಾಸಿ ರಾಗ ಅಂತೀಯ. ಸ್ವರಸ್ಥಾನಗಳು ಅವೇ, ಆದರೆ ಗಮಕವಿಲ್ಲ, ನಡೆ ಬೇರೆ, ರಾಗವೆಂಬ ಕಲ್ಪನೆಯೇ ಇಲ್ಲಿಲ್ಲ. 1917ರಲ್ಲಿ ಈ ಐದು ಸ್ವರದ ಏಣಿಯ ಮೇಲೆ ಅವರು ಲೇಖನ ಬರೆದರು. ಇನ್ನೊಂದು ಲಕ್ಷಣ ನಾಲ್ಕು ಸಾಲಿನ ಕಟ್ಟು: ಮೊದಲೆರಡು ಸಾಲು ಮೇಲೆ ಹಾಡಿ, ಅದೇ ಮಟ್ಟನ್ನು ಐದು ಸ್ವರ ಕೆಳಗಿಳಿಸಿ ಮುಂದಿನ ಎರಡು ಸಾಲು ಹಾಡುವುದು. ಪಂಚಮದಲ್ಲಿ ಹಾಡಿದ್ದನ್ನು ಷಡ್ಜಕ್ಕೆ ಇಳಿಸಿ ಒಪ್ಪಿಸಿದ ಹಾಗೆ. ವೋಲ್ಗಾ ನದಿಯ ಕಡೆಯ ಮಾರಿ, ಚುವಾಶ್ ಜನರ ಹಾಡುಗಳಲ್ಲೂ ಇದೇ ಕಟ್ಟು ಇರುವುದನ್ನು ಅವರು ಎದುರುಬದುರು ಇಟ್ಟು ತೋರಿಸಿದರು. ಹಾರುವ ನವಿಲಿನ ಒಂದು ಹಳೆಯ ಹಾಡು ಹೀಗೆಯೇ ಇದೆ. ಅದನ್ನು ತೆಗೆದುಕೊಂಡು 1939ರಲ್ಲಿ ವಾದ್ಯವೃಂದಕ್ಕೆ, ಒಂದೇ ಮಟ್ಟನ್ನು ಬಗೆಬಗೆಯಾಗಿ ಬದಲಿಸುವ ‘ನವಿಲಿನ ವೇರಿಯೇಷನ್ಸ್’ ಬರೆದರು. ಕೇಳುವಾಗ ಮೊದಲು ಆ ನಾಲ್ಕು ಸಾಲನ್ನು ಮನಸ್ಸಿನಲ್ಲಿ ಹಿಡಿದುಕೋ, ಆಮೇಲೆ ಎಲ್ಲಿ ಅಡಗಿದರೂ ಸಿಗುತ್ತದೆ.

ಮಾತಿನ ಸಂಗತಿ ನಿನಗೆ ಇನ್ನೂ ಹಿಡಿಸಬಹುದು. ಹಂಗೇರಿಯನ್ನಿನಲ್ಲಿ ನಮ್ಮಂತೆಯೇ ಹ್ರಸ್ವ ದೀರ್ಘಗಳ ವ್ಯತ್ಯಾಸ ಗಟ್ಟಿ. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ, ಹಾಗಾಗಿ ಅವರ ಹಾಡು ತಾಳದ ಪೆಟ್ಟಿನ ಮೇಲೆಯೇ ಎತ್ತಿಕೊಳ್ಳುತ್ತದೆ. ಕುಣಿತದ ಕೆಲವು ಹಾಡುಗಳಲ್ಲಿ ಒಂದೇ ಮಟ್ಟು ಚರಣದಿಂದ ಚರಣಕ್ಕೆ ಲಘು ಗುರು ನೋಡಿಕೊಂಡು ತನ್ನ ಲಯವನ್ನು ಬದಲಿಸಿಕೊಳ್ಳುತ್ತದೆ: ಗುರು ಬಂದಲ್ಲಿ ಎಳೆತ, ಲಘು ಬಂದಲ್ಲಿ ಚಿಟಿಕೆ. ಪುಸ್ತಕದಲ್ಲಿ ಒಂದೇ ಚರಣಕ್ಕೆ ಸ್ವರ ಹಾಕಿದ್ದರೆ ಮಿಕ್ಕ ಚರಣಗಳನ್ನು ಅದರಂತೆಯೇ ಕುಟ್ಟಿ ಹಾಡಬಾರದು. ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಅದೇ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ.

ಹೀಗೆ ಹಾಡಿಸುವ ಪದ್ಧತಿಗೆ ಕೊದಾಯ್ ಹೆಸರಿದ್ದರೂ ಎಲ್ಲವನ್ನೂ ಅವರೊಬ್ಬರೇ ಹುಟ್ಟುಹಾಕಲಿಲ್ಲ. ನಮ್ಮ ಸ ದಂತೆ ಯಾವ ಶ್ರುತಿಗೂ ಜಾರುವ ‘ದೊ’ ಮತ್ತು ಕೈಸನ್ನೆ ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಬಂದದ್ದು, ಲಯದ ಉಲಿಗಳು ಫ್ರಾನ್ಸಿನ ಶೆವೆಯವರಿಂದ ಬಂದದ್ದು. ತರಗತಿಗೆ ಹೊಂದುವ ಪಾಠಕ್ರಮವಾಗಿ ಜೋಡಿಸಿ 1944ರಲ್ಲಿ ಪುಸ್ತಕ ಬರೆದವರು ಶಿಷ್ಯ ಯೆನ್ಯೊ ಆದಾಮ್. ಪ್ರತಿದಿನ ಹಾಡಿನ ಪಾಠವಿರುವ ಮೊದಲ ಪ್ರಾಥಮಿಕ ಶಾಲೆ 1950ರಲ್ಲಿ ಇದೇ ಊರಲ್ಲಿ, ಮಾರ್ತಾ ನೆಮೆಶ್‌ಸೆಗಿ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಕೊದಾಯ್ ಕೊಟ್ಟದ್ದು ಅದರ ಜೀವ: ಮೊದಲು ಕಂಠ, ಆಮೇಲೆ ವಾದ್ಯ, ಮೊದಲು ತಾಯ್ನುಡಿಯ ಹಾಡು, ಆಮೇಲೆ ಹೊರಗಿನದು, ಮತ್ತು ಮಗುವಿನ ಕಿವಿಗೆ ನಿಲುಕುವ ಕ್ರಮದಲ್ಲಿ ಸ್ವರ.

ಆ ಕ್ರಮವೇ ಮುಖ್ಯ. ಇವರ ದೊ ರೆ ಮಿ ಸೊ ಲ ಎಂದರೆ ನಮ್ಮ ಮೋಹನ ರಾಗ: ಸ ರಿ ಗ ಪ ದ. ಆದರೆ ಸ ದಿಂದ ಶುರುಮಾಡುವುದಿಲ್ಲ. ಮೊದಲು ಪ–ಗ, ಎರಡೇ ಸ್ವರ. ಅಂಗಳದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೂಗಿ ಕರೆಯುವಾಗ ತಾನಾಗಿ ಬರುವ ಇಳಿತ ಅದು. ಆಮೇಲೆ ದ ಸೇರಿಸಿ ಪ–ದ–ಪ–ಗ. ಆಮೇಲೆ ಸ, ಅದರ ಹಿಂದೆ ರಿ. ಐದೂ ಗಟ್ಟಿಯಾದ ಮೇಲೆ ಮಂದ್ರದ ದ, ಪ, ತಾರದ ಸ. ‘ಫ’ ಮತ್ತು ‘ತಿ’, ಅಂದರೆ ಮ ಮತ್ತು ನಿ, ಎಲ್ಲಕ್ಕಿಂತ ಕೊನೆಗೆ. ಕಾರಣ: ಗ–ಮ, ನಿ–ಸ ಅಂತರ ಅರ್ಧ ಸ್ವರದ್ದು. ಚಿಕ್ಕ ಮಕ್ಕಳು ಅರ್ಧ ಸ್ವರವನ್ನು ಇಳಿಯುವಾಗ ಅಗಲಿಸಿ, ಏರುವಾಗ ಕುಗ್ಗಿಸಿ ಹಾಡುತ್ತಾರೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ಷಡ್ಜವೇ ಜಾರಿರುತ್ತದೆ. ಮೋಹನದಲ್ಲಿ ಅರ್ಧ ಸ್ವರವೇ ಇಲ್ಲ, ಜಾರಲು ಜಾಗವೂ ಕಡಿಮೆ.

ಈಗ ನಾವು ಸರಳೆ ಹಾಡಿಸುವ ಮಾಯಾಮಾಳವಗೌಳ ರಾಗವನ್ನು ನೋಡು. ಸ–ರಿ, ಗ–ಮ, ಪ–ದ, ನಿ–ಸ: ನಾಲ್ಕು ಕಡೆ ಅರ್ಧ ಸ್ವರ. ನಿನ್ನ ಐದು ವರ್ಷದ ಮಕ್ಕಳು ಸರಳೆಯಲ್ಲಿ ಶ್ರುತಿ ಬಿಡುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಪುರಂದರದಾಸರು ಹಾಕಿಕೊಟ್ಟ ದಾರಿಯನ್ನು ಬಿಡು ಅಂತ ನಾನು ಹೇಳುತ್ತಿಲ್ಲ. ಪೂರ್ವಾಂಗ (ಸ ರಿ ಗ ಮ), ಉತ್ತರಾಂಗ (ಪ ದ ನಿ ಸ) ಒಂದೇ ಅಚ್ಚಿನಲ್ಲಿರುವ ಆ ರಾಗ ಏಳೆಂಟು ವರ್ಷದ ಮಗುವಿಗೆ ಬಹಳ ಒಳ್ಳೆಯದು. ಅದಕ್ಕೆ ಮುಂಚಿನ ಎರಡು ವರ್ಷ ಮೋಹನದ ಎರಡು ಮೂರು ಸ್ವರದ ತುಣುಕುಗಳಲ್ಲಿ ಸಣ್ಣ ಹಾಡು ಹಾಡಿಸು, ಆಮೇಲೆ ಸರಳೆಗೆ ಬಾ.

ಎತ್ತಿಕೊಳ್ಳುವ ಶ್ರುತಿ ನಿನ್ನ ಕಂಠಕ್ಕಲ್ಲ, ಮಕ್ಕಳಿಗೆ ಹೊಂದಬೇಕು. ಹಾರ್ಮೋನಿಯಂನ ನಡುಸಪ್ತಕದ ಬಿಳಿ ಎರಡನ್ನು ಸ ಮಾಡಿಕೊಂಡರೆ ಪ–ಗ ಅವರಿಗೆ ಹಿತವಾದ ಜಾಗದಲ್ಲಿ ಬೀಳುತ್ತದೆ. ಇನ್ನೂ ತಗ್ಗಿಸಿದರೆ ಮಾತನಾಡುವ ದನಿಗೇ ಇಳಿದುಬಿಡುತ್ತಾರೆ, ಆಗ ಸ್ವರ ಹುಟ್ಟುವುದಿಲ್ಲ. ಭಾವ ಹಾಡಿಸುವುದಾದರೆ, ಗಂಡಸಿನ ದನಿ ಒಂದು ಸ್ಥಾಯಿ ಕೆಳಗಿರುವುದರಿಂದ ಕೆಲವು ಮಕ್ಕಳಿಗೆ ಸ್ವರವೇ ಸಿಗದು. ಸರಿಯಾಗಿ ಹಾಡುವ ಒಂದು ಮಗುವಿನಿಂದ ಹೇಳಿಸಿ ಮಿಕ್ಕವರು ಅದನ್ನು ಹಿಡಿಯಲಿ.

ಕೈಸನ್ನೆ ಹೀಗೆ: ಸ ಕ್ಕೆ ಸೊಂಟದ ಹತ್ತಿರ ಮುಷ್ಟಿ. ರಿ ಗೆ ಬೆರಳ ತುದಿ ಮೇಲ್ಮುಖವಾಗಿ ಕೈ ಓರೆ. ಗ ಕ್ಕೆ ಎದೆಯ ಮಟ್ಟದಲ್ಲಿ ಕೈ ನೆಲಕ್ಕೆ ಸಮ. ಮ ಕ್ಕೆ ಹೆಬ್ಬೆರಳು ಕೆಳಗೆ. ಪ ಕ್ಕೆ ಅಂಗೈ ನಮ್ಮ ಕಡೆಗೆ, ಹೆಬ್ಬೆರಳು ಮೇಲೆ. ದ ಕ್ಕೆ ಮುಖದ ಮಟ್ಟದಲ್ಲಿ ಮಣಿಕಟ್ಟಿನಿಂದ ಇಳಿಬಿಟ್ಟ ಬೆರಳು. ನಿ ಗೆ ತೋರುಬೆರಳು ಮೇಲಕ್ಕೆ. ತಾರ ಸ ಕ್ಕೆ ತಲೆಯ ಮೇಲೆ ಮತ್ತೆ ಮುಷ್ಟಿ. ಆಕಾರಕ್ಕಿಂತ ಎತ್ತರವೇ ಮುಖ್ಯ. ಎಲ್ಲವನ್ನೂ ಎದೆಯ ಮುಂದೆಯೇ ತೋರಿಸಿದರೆ ಸನ್ನೆ ಬರೀ ಅಲಂಕಾರವಾಗುತ್ತದೆ. ನೀನು ಸನ್ನೆ ತೋರಿಸುವಾಗ ಬಾಯಿ ಮುಚ್ಚಿಕೊಂಡಿರು. ಜೊತೆಗೆ ಹಾಡಿದರೆ ಅವರು ಕೈ ನೋಡುವುದೂ ಇಲ್ಲ, ಯೋಚಿಸುವುದೂ ಇಲ್ಲ, ನಿನ್ನ ದನಿಯ ಬೆನ್ನಿಗೆ ಬರುತ್ತಾರೆ ಅಷ್ಟೇ.

ಲಯಕ್ಕೆ ಒಂದು ಹೆಜ್ಜೆ ‘ತಾ’, ಅದರ ಅರ್ಧ ‘ತಿ-ತಿ’, ಎರಡು ಹೆಜ್ಜೆಯದು ‘ತಾ-ಆ’, ಕಾಲು ಭಾಗದ್ದು ‘ತಿರಿ-ತಿರಿ’. ಇವು ಹೆಸರುಗಳಲ್ಲ, ನಮ್ಮ ಮೃದಂಗದ ಸೊಲ್ಕಟ್ಟಿನ ಹಾಗೆ ಬಾಯಲ್ಲಿ ಬಾರಿಸುವ ಉಲಿಗಳು. ‘ಅವಲಕ್ಕಿ ಪವಲಕ್ಕಿ’ಯನ್ನು ನಡೆಯುತ್ತಾ ಹೇಳಿಸು: ಅವ, ಲಕ್ಕಿ, ಪವ, ಲಕ್ಕಿ, ನಾಲ್ಕು ಹೆಜ್ಜೆಗೆ ನಾಲ್ಕು ತಿ-ತಿ. ಕಾಲು ಹೆಜ್ಜೆ ಹಾಕುತ್ತಿರುವಾಗ ಕೈ ಅಕ್ಷರಕ್ಕೆ ತಟ್ಟಬೇಕು. ಎರಡೂ ಬೇರೆಯಾಗಿ ನಿಂತ ದಿನ ಲಯ ಬಂದಿತೆಂದು ತಿಳಿ.

ಹೊಸ ಸ್ವರವನ್ನು ಹೆಸರು ಹೇಳಿ ಪರಿಚಯಿಸುವುದಿಲ್ಲ. ಆ ಸ್ವರವಿರುವ ನಾಲ್ಕೈದು ಹಾಡುಗಳನ್ನು ಕೆಲವು ವಾರ ಬಾಯಿಪಾಠ ಹಾಡಿಸುತ್ತಾರೆ. ಆಮೇಲೆ ‘ಈ ಅಕ್ಷರದ ಹತ್ತಿರ ಗೊತ್ತಿಲ್ಲದ ದನಿ ಒಂದಿದೆ, ಗ ಕ್ಕಿಂತ ಮೇಲೋ ಕೆಳಗೋ?’ ಎಂದು ಕೇಳಿ ಅವರಿಂದಲೇ ಹುಡುಕಿಸುತ್ತಾರೆ. ಅದಾದ ಮೇಲೆ ಹೆಸರು, ಸನ್ನೆ, ಬರಹ. ಕೊನೆಗೆ ಹೊಸ ಹಾಡಿನಲ್ಲಿ ಅದನ್ನು ಓದುವುದು. ಮೊದಲ ಹಂತಕ್ಕೆ ಬೇಕಾದಷ್ಟು ದಿನ ಕೊಡದಿದ್ದರೆ ಮಿಕ್ಕದ್ದು ಉರು ಹೊಡೆದ ಪಾಠವಾಗುತ್ತದೆ.

ಒಂದು ಪರೀಕ್ಷೆ ನಾಳೆಯೇ ಮಾಡಿ ನೋಡು. ಗೊತ್ತಿರುವ ಹಾಡನ್ನು ಹಾಡಿಸು. ನೀನು ಮುಷ್ಟಿ ಮುಚ್ಚಿದೊಡನೆ ಎಲ್ಲರೂ ದನಿ ನಿಲ್ಲಿಸಿ ಮನಸ್ಸಿನಲ್ಲಿ ಮುಂದುವರಿಸಲಿ, ಒಂದು ಸಾಲಾದ ಮೇಲೆ ಮುಷ್ಟಿ ಬಿಚ್ಚು. ಎಲ್ಲರೂ ಒಂದೇ ಅಕ್ಷರಕ್ಕೆ, ಒಂದೇ ಸ್ವರಕ್ಕೆ ಬಂದರೆ ಕಿವಿ ಕೆಲಸ ಮಾಡುತ್ತಿದೆ. ಅಕ್ಷರ ಸರಿಯಾಗಿದ್ದು ಸ್ವರ ತಗ್ಗಿದ್ದರೆ ಅವರು ಇಷ್ಟು ದಿನ ನಿನ್ನನ್ನೋ ಶ್ರುತಿಪೆಟ್ಟಿಗೆಯನ್ನೋ ಒರಗಿಕೊಂಡು ಹಾಡಿದ್ದಾರೆ.

ಪಿಯಾನೊದಿಂದ ಹಾಡು ಕಲಿಸುವುದಕ್ಕೆ ಕೊದಾಯ್ ಯಾಕೆ ಒಪ್ಪುತ್ತಿರಲಿಲ್ಲ ಎನ್ನುವುದು ತಂಬೂರಿ ಮೀಟುವ ನಿನಗೆ ಬೇಗ ಅರ್ಥವಾಗುತ್ತದೆ. ಪಿಯಾನೊ, ಹಾರ್ಮೋನಿಯಂ ಎರಡರಲ್ಲೂ ಹನ್ನೆರಡು ಮನೆಗಳನ್ನು ಸಮ ಅಂತರಕ್ಕೆ ಹೊಂದಿಸಿರುತ್ತಾರೆ. ಅಲ್ಲಿನ ಅಂತರ ಗಾಂಧಾರ, ಅಂದರೆ ಮೋಹನದ ಗ, ಶುದ್ಧವಾಗಿ ಕೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಒಂದು ಅರ್ಧ ಸ್ವರವೆಂದರೆ 100 ಸೆಂಟ್. ತಂಬೂರಿಯ ಮಂದ್ರ ತಂತಿಯೊಳಗಿಂದ ತಾನಾಗಿ ಕೇಳುವ ಗಾಂಧಾರವೇ ಸರಿಯಾದದ್ದು. ತಂಬೂರಿ ಇಲ್ಲದ ನಾಡಿನಲ್ಲಿ ಅವರು ಕಂಡ ಉಪಾಯ ಎರಡು ದನಿ: ಒಂದು ಗುಂಪು ಸ ಹಿಡಿದು ನಿಲ್ಲುತ್ತದೆ, ಇನ್ನೊಂದು ಪ ಕ್ಕೆ, ಗ ಕ್ಕೆ ಹೋಗಿ ಎರಡು ದನಿಯ ನಡುವೆ ಕೇಳುವ ಅದುರು ನಿಲ್ಲುವವರೆಗೆ ಕೂಡಿಸುತ್ತದೆ. 1941ರ ‘ಶುದ್ಧವಾಗಿ ಹಾಡೋಣ’ ಪುಸ್ತಕದಲ್ಲಿ ಇಂಥ 107 ಎರಡು ದನಿಯ ಪಾಠಗಳಿವೆ. ಮೆತ್ತಗೆ ಹಾಡಿಸಬೇಕು. ಜೋರಾದರೆ ಎದುರು ಗುಂಪು ಕೇಳಿಸದು, ಕೇಳಿಸದಿದ್ದರೆ ಕೂಡದು.

ನಮಗೆ ಗೊಂದಲವಾಗುವ ಜಾಗ ಒಂದಿದೆ. ಯಾವ ರಾಗವಾದರೂ ನಮ್ಮ ಆಧಾರ ಸ. ಇಲ್ಲಿ ಧನ್ಯಾಸಿಯಂಥ ಮಟ್ಟಿಗೆ ಆಧಾರ ‘ಲ’. ಮೋಹನದ ದ ವನ್ನು ಷಡ್ಜ ಮಾಡಿ ಗ್ರಹಭೇದ ಮಾಡಿದರೆ ಶುದ್ಧ ಧನ್ಯಾಸಿ ಬರುತ್ತದಲ್ಲ, ಇವರು ಹಳೆಯ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಅಷ್ಟೇ. ಇದನ್ನು ಮಕ್ಕಳಿಗೆ ಹೇಳಬೇಡ, ನಿನಗಿರಲಿ.

ಅಪ್ಪನಿಗೆ ಎರಡು ಕೃತಿಗಳ ಕೊಂಡಿ ಕಳಿಸುತ್ತೇನೆ. ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೋ ಒಂದಕ್ಕೇ ಬರೆದ 1915ರ ಸೊನಾಟ: ಕೆಳಗಿನ ಎರಡು ತಂತಿಗಳನ್ನು ಅರ್ಧ ಸ್ವರ ಇಳಿಸಿ ಕಟ್ಟಬೇಕು, ಅದರಿಂದ ಒಂದೇ ವಾದ್ಯಕ್ಕೆ ಮೇಳದ ತುಂಬು ಬರುತ್ತದೆ. ಇನ್ನೊಂದು 1923ರ ‘ಸಾಲ್ಮುಸ್ ಹುಂಗಾರಿಕುಸ್’, ಬುಡಾ ಮತ್ತು ಪೆಸ್ಟ್ ಒಂದಾದ 50ನೇ ವರ್ಷಕ್ಕೆ ಬರೆದದ್ದು. ಇದೇ ಕೆಚ್ಕೆಮೇತ್‌ನ 16ನೇ ಶತಮಾನದ ಕವಿಯ ಸ್ತೋತ್ರ. ಅಮ್ಮನಿಗೆ ಚರ್ಚಿನ ಪೂಜೆಯ ಪಠ್ಯಕ್ಕೆ ಅವರು ಬರೆದ ‘ಮಿಸ್ಸಾ ಬ್ರೆವಿಸ್’ ಕೇಳಿಸು. 1945ರಲ್ಲಿ ಬುಡಾಪೆಸ್ಟಿನ ಮುತ್ತಿಗೆಯ ನಡುವೆ ಅಪೆರಾ ಮಂದಿರದ ಕೋಟು ಇಡುವ ಕೋಣೆಯಲ್ಲಿ, ಹಾರ್ಮೋನಿಯಂ ಜೊತೆಗೆ, ಅದನ್ನು ಮೊದಲ ಸಲ ಹಾಡಿದರು. ಕೊದಾಯ್ ತೀರಿಕೊಂಡದ್ದು 1967ರ ಮಾರ್ಚ್ 6ರಂದು.

ಕೊನೆಯದಾಗಿ ಒಂದು ಕೆಲಸ. ಹಂಗೇರಿಯ ಹಾಡು ಅಲ್ಲಿಗೆ ಬೇಡ, ಮಕ್ಕಳಿಗೆ ಬೇಕಾದದ್ದು ದೊಡ್ಡಮ್ಮನ ಬಾಯಲ್ಲಿದೆ. ಸೋಬಾನೆ, ಬೀಸುವ ಪದ, ತೊಟ್ಟಿಲ ಪದಗಳನ್ನು ಫೋನಿನಲ್ಲಿ ಹಿಡಿ. ಫ್ಯಾನ್ ನಿಲ್ಲಿಸಿ, ಫೋನನ್ನು ಬಟ್ಟೆಯ ಮೇಲೆ ಒಂದು ಮೊಳ ದೂರದಲ್ಲಿ ಇಡು. ಶ್ರುತಿಪೆಟ್ಟಿಗೆ ಕೊಡಬೇಡ, ಅವರು ಎತ್ತಿಕೊಂಡದ್ದೇ ಶ್ರುತಿ. ಮೊದಲ ಚರಣಕ್ಕೇ ನಿಲ್ಲಿಸದೆ ಪೂರ್ತಿ ಹಾಡಿಸು, ಲಯ ಚರಣದಿಂದ ಚರಣಕ್ಕೆ ಬದಲಾಗುವುದು ಆಗಲೇ ಸಿಗುತ್ತದೆ. ಹಾಡಿದವರ ಹೆಸರು, ವಯಸ್ಸು, ಊರು, ಯಾರಿಂದ ಕಲಿತದ್ದು, ಯಾವ ಹೊತ್ತಿನಲ್ಲಿ ಹಾಡುವುದು, ತಾರೀಖು ಇಷ್ಟನ್ನೂ ಅದೇ ದಿನ ಬರೆದಿಡು. ಅದರಲ್ಲಿ ಮೂರು ನಾಲ್ಕೇ ಸ್ವರದ ಪದ ಯಾವುದಿದೆ ನೋಡಿ ನನಗೆ ಕಳಿಸು, ಮೊದಲನೆಯ ಪಾಠಕ್ಕೆ ಅದನ್ನೇ ಇಟ್ಟುಕೊಳ್ಳೋಣ.

ಅಪ್ಪ ಅಮ್ಮ, ದೊಡ್ಡಮ್ಮ, ಭಾವನಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ ತಮ್ಮ