ರೈಲು ಯಾಕೆ ಹತ್ತಿದೆ ಎಂದು ಯಾರೂ ಕೇಳಲಿಲ್ಲ

ಪುಟ್ಟಿ,

ನಿನ್ನೆ ಇಂಗ್ಲೆಂಡಿನ ಲೀಡ್ಸ್‌ನಿಂದ ನೀನು ಅಳುತ್ತಾ ಫೋನ್ ಮಾಡಿ, ಕ್ಲಬ್ಬಿನಲ್ಲಿ ಯಾರೋ ನಿನ್ನ ಲೋಟಕ್ಕೆ ಏನೋ ಬೆರೆಸಿದ್ದಾರೆ ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಅಷ್ಟು ಹೊತ್ತಿನಲ್ಲಿ ಕ್ಲಬ್ಬಿಗೆ ಯಾಕೆ ಹೋಗಿದ್ದೆ?" ನೀನು ಫೋನ್ ಇಟ್ಟೆ. ಇಟ್ಟಿದ್ದೇ ಸರಿ.

1994ರಲ್ಲಿ ಮುಂಬೈ ರೈಲಿನಲ್ಲಿ ಗುಂತಕಲ್ ದಾಟಿದ ಮೇಲೆ ಎದುರು ಸೀಟಿನವರು ಚಹಾ ಕೊಟ್ಟರು. ಹಸಿರು ಮುಚ್ಚಳದ ಫ್ಲಾಸ್ಕು. ಅವರ ಹೆಂಡತಿ ಎರಡು ಬಿಸ್ಕತ್ತನ್ನೂ ಕೈಗಿಟ್ಟರು. ಚಹಾ ಸ್ವಲ್ಪ ಕಹಿ ಅನಿಸಿತು, ಸಕ್ಕರೆ ಕಡಿಮೆಯಿರಬೇಕು ಅಂದುಕೊಂಡೆ. ಕಣ್ಣು ಬಿಟ್ಟದ್ದು ಸೊಲ್ಲಾಪುರದ ಆಸ್ಪತ್ರೆಯಲ್ಲಿ. ಉಂಗುರ, ವಾಚು, ಪೆಟ್ಟಿಗೆ ಒಂದೂ ಇಲ್ಲ. ನಡುವೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ, ಆ ಹಸಿರು ಮುಚ್ಚಳ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಊರಿಗೆ ಬಂದರೆ ಮನೆ ತುಂಬ ಜನ. ಎಲ್ಲರೂ ಆ ಗಂಡ ಹೆಂಡತಿಗೆ ಹಿಡಿಶಾಪ ಹಾಕಿದರು. ನಿನ್ನ ಅಜ್ಜಿ ದೃಷ್ಟಿ ತೆಗೆದಳು. ರೈಲು ಯಾಕೆ ಹತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ನಿನ್ನನ್ನು ಮಾತ್ರ ನಾನು ಕೇಳಿಬಿಟ್ಟೆ. ಕ್ಷಮಿಸು ಮಗಳೇ.

ರಾತ್ರಿಯೆಲ್ಲ ಓದುತ್ತ ಕೂತಿದ್ದೆ. ಹೀಗೆ ಗುಟ್ಟಾಗಿ ಲೋಟಕ್ಕೆ ಬೆರೆಸುವ ಜಿಎಚ್‌ಬಿ ಎಂಬ ಮತ್ತಿನ ಔಷಧ ಸುಮಾರು 12 ಗಂಟೆಯಲ್ಲಿ ಮೂತ್ರದಿಂದಲೂ ಹೋಗಿಬಿಡುತ್ತದಂತೆ. ನೀನು ಫೋನ್ ಮಾಡಿದಾಗ ಇನ್ನೂ ಹೊತ್ತು ಮೀರಿರಲಿಲ್ಲ. ಆಸ್ಪತ್ರೆಗೆ ಹೋಗು, ಅಲ್ಲಿನ ಪೊಲೀಸರ 101 ನಂಬರಿಗೆ ಹೇಳು ಎನ್ನಬೇಕಾದ ಗಳಿಗೆಯಲ್ಲಿ ನಾನು ವಿಚಾರಣೆ ಮಾಡಿದೆ. ಕೆಲವು ಔಷಧ 3 ದಿನದವರೆಗೂ ಪತ್ತೆಯಾಗುತ್ತವೆ. ಇವತ್ತೇ ಹೋಗು. ಸಿಸಿಟಿವಿ ಅಳಿಸಿಹೋಗುವ ಮೊದಲು ಪೊಲೀಸರು ಕೇಳಲಿ.

ಕಾಲು ನಿಲ್ಲದಿದ್ದರೂ ಗೆಳತಿಯ ಕೈ ಹಿಡಿದು "ಏನೋ ಸರಿಯಿಲ್ಲ" ಎಂದೆಯಲ್ಲ, ಅಷ್ಟು ಎಚ್ಚರ ನನಗಿರಲಿಲ್ಲ. ಯಾವನೋ "ನಾನು ಮನೆಗೆ ಬಿಡುತ್ತೇನೆ" ಎಂದಾಗ ಅವಳು ನಿನ್ನನ್ನು ಬಿಟ್ಟುಕೊಡಲಿಲ್ಲ. ರಾತ್ರಿಯಿಡೀ ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂತಳು. ಆ ಹುಡುಗಿಗೆ ನನ್ನ ನಮಸ್ಕಾರ ಹೇಳು.

ಇನ್ನು ಮುಂದೆ ಲೋಟ ಕೈಯಲ್ಲೇ ಇರಲಿ, ಜ್ಯೂಸ್ ಆದರೂ ಸರಿ. ಕೆಳಗಿಟ್ಟು ಕುಣಿಯಲು ಹೋದರೆ ತಿರುಗಿ ಮುಟ್ಟಬೇಡ, ದುಡ್ಡು ಹೋದರೆ ಹೋಗಲಿ. ಭಯವಾದರೆ ಕೌಂಟರಿನಲ್ಲಿ "ಏಂಜೆಲಾ ಇದ್ದಾರಾ" ಎಂದು ಕೇಳು. ನನಗೆ ಸಹಾಯ ಬೇಕು ಎಂದು ಅಲ್ಲಿನ ಕೆಲಸದವರಿಗೆ ತಿಳಿಸಲು 2016ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಶುರುವಾದ ಗುಟ್ಟಿನ ಮಾತಂತೆ ಅದು. ಆದರೆ ಕಾಯುವ ಕೆಲಸವನ್ನೆಲ್ಲ ಹುಡುಗಿಯರ ಮೇಲೇ ಹಾಕುವುದು ನ್ಯಾಯವಲ್ಲ. ದುಡ್ಡು ಎಣಿಸಿಕೊಳ್ಳುವ ಕ್ಲಬ್ಬಿನವರು ಲೋಟಕ್ಕೊಂದು ಮುಚ್ಚಳ ಕೊಡಲಿ. ತೂರಾಡುವ ಹುಡುಗಿಯನ್ನು ಹೊರಗೆ ಕಳಿಸುವ ಮೊದಲು ಅವಳ ಜೊತೆಗಿರುವವರು ಯಾರೆಂದು ನೋಡಲಿ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳುವುದೋ ಬೇಡವೋ ನಿನಗೆ ಬಿಟ್ಟದ್ದು. ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು. ಈ ಸಲ ನಾನು ಕೇಳಿಸಿಕೊಳ್ಳುತ್ತೇನೆ.

ನಿನ್ನ
ಅಪ್ಪ