ಭಾನುವಾರದ ಕೇಳ್ಮೆಯಲ್ಲಿ ಬದಲಾವಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಒಟ್ಟಿಗೆ ಕೇಳಬೇಕೆಂದುಕೊಂಡಿದ್ದ ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ ಅವರ 1986ರ ‘ಆಗಸ್ಟ್’ ಆಲ್ಬಮನ್ನು ನಿನ್ನೆ ರಾತ್ರಿ ಎರಡು ಸಲ ಪೂರ್ತಿ ಕೇಳಿದೆ. ಮನಸ್ಸಿಗೆ ತುಂಬಾ ಬೇಸರವಾಯಿತು. ಅವರ ಗಿಟಾರನ್ನು ಇಷ್ಟು ವರ್ಷ ಹಚ್ಚಿಕೊಂಡವನು ನಾನು. ಇಲ್ಲಿ ಅದೇ ಗಿಟಾರ್ ನೆಂಟರಂತೆ ಬಂದು ಹೋಗುತ್ತದೆ.

ನಿರ್ಮಾಣದ ಹೊಣೆ ಮುಖ್ಯವಾಗಿ ಡ್ರಮ್ ವಾದಕ, ಗಾಯಕ ಫಿಲ್ ಕಾಲಿನ್ಸ್ ಅವರದು. ಡ್ರಮ್ಮಿನ ಒಂದೊಂದು ಏಟೂ ಬಾಗಿಲು ಬಡಿದಂತೆ ಮುಂದೆ ನಿಲ್ಲುತ್ತದೆ, ಉಳಿದ ಜಾಗವನ್ನೆಲ್ಲ ಎಲೆಕ್ಟ್ರಾನಿಕ್ ನಾದದ ಸಿಂಥಸೈಜರ್ ತುಂಬುತ್ತದೆ. ಈ ಆಲ್ಬಮಿನ ‘ಬಿಹೈಂಡ್ ದ ಮಾಸ್ಕ್’ ಹಾಡು ಮೂಲದಲ್ಲಿ ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ಎಲೆಕ್ಟ್ರಾನಿಕ್ ರಚನೆ. ಆ ತಂಡದ ಕೈಯಲ್ಲಿ ಅದಕ್ಕೆ ಸೊಗಸಿದೆ; ಕ್ಲಾಪ್ಟನ್ ಅವರ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ) ಗಿಟಾರಿಗೆ ಮಾತ್ರ ಆ ಹಾಡಿನಲ್ಲಿ ಉಸಿರಾಡಲು ತೆರಪೇ ಇಲ್ಲ. ಟೀನಾ ಟರ್ನರ್ ಜೊತೆಗಿನ ಹಾಡಿನಲ್ಲಿ ಕಸುವಿದೆ, ಆದರೆ ಅದು ಆಕೆಯ ಕಂಠದ್ದು.

‘ಹೋಲಿ ಮದರ್’ ಒಂದನ್ನು ಮಾತ್ರ ಬಿಡಲಾರೆ. ಅದೇ ವರ್ಷ ತೀರಿಕೊಂಡ, ‘ದ ಬ್ಯಾಂಡ್’ ತಂಡದ ರಿಚರ್ಡ್ ಮ್ಯಾನ್ಯುಯೆಲ್ ಅವರ ನೆನಪಿಗೆ ಅರ್ಪಿಸಿದ ಹಾಡು. ತಂತಿಯನ್ನು ಬೆರಳಿನಿಂದ ಎಳೆದು ಸ್ವರವನ್ನು ಮೆಲ್ಲಗೆ ಮೇಲೇರಿಸುವಾಗ, ನಾವು ಹುಡುಕುತ್ತಿದ್ದ ಕ್ಲಾಪ್ಟನ್ ಸಿಗುತ್ತಾರೆ.

ಆದ್ದರಿಂದ ಭಾನುವಾರ ಆ ಹಾಡೊಂದನ್ನು ಕೇಳಿ, ನೇರವಾಗಿ 1994ರ ‘ಫ್ರಮ್ ದ ಕ್ರೇಡಲ್’ಗೆ ಹೋಗೋಣ. ಎಲ್ಲವೂ ಹಳೆಯ ಬ್ಲೂಸ್ ಹಾಡುಗಳು. ಬಹುಪಾಲು ಸ್ಟುಡಿಯೋದಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕುಳಿತು ನುಡಿಸಿದ್ದು. ‘ಆಗಸ್ಟ್’ ಮೆಚ್ಚಿದವರು ಗುಂಪಿನಲ್ಲಿದ್ದರೆ ಯಾವ ಹಾಡು, ಏಕೆ ಎಂದು ಶನಿವಾರ ರಾತ್ರಿಯೊಳಗೆ ಬರೆಯಿರಿ. ಅದನ್ನೂ ಖಂಡಿತ ಸೇರಿಸುತ್ತೇನೆ.