ಬಸ್ಸಾರು: ಒಂದೇ ಕಾಳಿಗೆ ಎರಡು ಅಡುಗೆ

ಮಾನ್ಯರೇ,

ಪತ್ರಿಕೆಗಳ ಅಡುಗೆ ಅಂಕಣಗಳಲ್ಲಿ ಪನೀರು, ಕ್ರೀಮುಗಳದ್ದೇ ಕಾರುಬಾರು. ತಿಂಗಳ ಕೊನೆಗೆ ಕೈ ಹಿಡಿಯುವುದು ಹಳೇ ಮೈಸೂರು ಸೀಮೆಯ ಬಸ್ಸಾರು, ಅಂದರೆ ಕಾಳು–ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು. ಅದಕ್ಕೂ ಒಂದಿಷ್ಟು ಜಾಗ ಕೊಡಿ.

ನಾಲ್ವರಿಗೆ ಒಂದು ಲೋಟ ಹುರುಳಿಕಾಳು, ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು ಸಾಕು. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ನೆನೆಯದ ಹುರುಳಿ ಬೇಯಲು ಗ್ಯಾಸ್ ದಂಡ. ಆರು ಲೋಟ ನೀರಿಟ್ಟು ಐದಾರು ವಿಷಲ್ ಕೂಗಿಸಿ. ಸೊಪ್ಪನ್ನು ಜತೆಗೇ ಕುಕ್ಕರಿಗೆ ಹಾಕಿದರೆ ಕರಗಿ ರಾಡಿಯಾಗುತ್ತದೆ, ಬಸಿಯಲು ಬರುವುದಿಲ್ಲ. ಕಾಳು ಬೆಂದ ಮೇಲೆ ಹಾಕಿ, ಮುಚ್ಚದೆ ಐದು ನಿಮಿಷ ಕುದಿಸಿ, ಉಪ್ಪು ಬೆರೆಸಿ ಬಸಿಯಿರಿ. ಹುಣಸೆ ಮೊದಲೇ ಬೇಡ, ಹುಳಿ ಬಿದ್ದರೆ ಕಾಳು ಮೆತ್ತಗಾಗದು.

ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದುಕೊಳ್ಳಿ. ಈರುಳ್ಳಿ ಕೆಂಪಗಾಗಲೇಬೇಕು, ಇಲ್ಲವಾದರೆ ಸಾರು ಹಸಿ ವಾಸನೆ ಹೊಡೆಯುತ್ತದೆ. ಎರಡು ಚಮಚ ತೆಂಗಿನತುರಿ, ಗೋಲಿಯಷ್ಟು ಹುಣಸೆ, ಒಂದು ಹಿಡಿ ಬೆಂದ ಕಾಳು ಸೇರಿಸಿ ನುಣ್ಣಗೆ ರುಬ್ಬಿ, ಬಸಿದಿಟ್ಟ ನೀರಿಗೆ ಹಾಕಿ ಎಂಟು ನಿಮಿಷ ಕುದಿಸಿ, ಒಗ್ಗರಣೆ ಕೊಡಿ. ತೆಳುವೆನಿಸಿದರೆ ಅಕ್ಕಿಹಿಟ್ಟು ಕದಡುವವರಿದ್ದಾರೆ, ರುಚಿಯೇ ಸತ್ತುಹೋಗುತ್ತದೆ! ಇನ್ನೊಂದು ಹಿಡಿ ಕಾಳು ರುಬ್ಬಿ ಹಾಕಿದರಾಯಿತು.

ಉಳಿದ ಕಾಳು–ಸೊಪ್ಪಿಗೆ ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ನೀರು ಪೂರ್ತಿ ಹಿಂಡಿ ತೆಗೆದಿರಬೇಕು. ಮುದ್ದೆಗೆ ಎರಡೂ ಸಲ್ಲುತ್ತವೆ. ಮಿಕ್ಕ ಸಾರನ್ನು ರಾತ್ರಿ ಒಮ್ಮೆ ಕುದಿಸಿಟ್ಟರೆ ಮರುದಿನ ಬಿಸಿ ಅನ್ನಕ್ಕೆ ಇನ್ನೂ ರುಚಿ.

– ಓದುಗರು, ಚನ್ನಪಟ್ಟಣ